ಸೇಡಿಗೆಂದು ಹೊತ್ತೊಯ್ದ ಬೂದಗುಂಬಳ

ಹಾಲೊವೀನ್ ಎಂಬುದು ಹಬ್ಬವೋ ಜ್ವರವೋ ಎಂದು ನಮ್ಮವ್ವ ಇನ್ನೂ ತೀರ್ಮಾನಿಸಿರದಿದ್ದ ಕಾಲ ಅದು. ಮೊಬೈಲೆಂದರೆ ಹಾವಿನ ಆಟ, ಅಷ್ಟೇ. ಕುವೈತಿನ ಅಬು ಹಲೀಫಾದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಅಪ್ಪ ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಟೆಕ್ನೀಶಿಯನ್. ಅಕ್ಟೋಬರ್ ಕೊನೆಗೆ ಏಸಿ ಆರಿಸಿ ಕಿಟಕಿ ತೆಗೆದರೆ, ಒಬ್ಬರ ಮನೆಯ ಹುರಿದ ಮೀನು, ಇನ್ನೊಬ್ಬರ ಮನೆಯ ಊದಿನ ಹೊಗೆ, ನಮ್ಮವ್ವನ ಜೋಳದ ರೊಟ್ಟಿ, ಎಲ್ಲದರ ವಾಸನೆಯೂ ಮೆಟ್ಟಿಲ ಮೇಲೆ ಒಂದಾಗಿ ಕೂತಿರುತ್ತಿತ್ತು.

ಐದನೇ ಮಹಡಿಯಲ್ಲಿ ವರ್ಷಾ ಇದ್ದಳು. ಮೈಸೂರು ಕಡೆಯವರು, ಅವಳಪ್ಪ ಬ್ಯಾಂಕಿನವರು. ನನ್ನದೇ ಕ್ಲಾಸು, ನನ್ನದೇ ಸ್ಕೂಲ್ ಬಸ್ಸು, ನನ್ನ ಜೀವನದ ಏಕಮಾತ್ರ ವೈರಿ.

ವೈರ ಶುರುವಾದದ್ದು ಒಂದು ಹಾಲೊವೀನಿನಲ್ಲೇ. ಹೊರಗೆ ಗದ್ದಲ ಮಾಡುವ ಹಾಗಿಲ್ಲವೆಂದು ಅವಳಮ್ಮ ಪರದೆ ಎಳೆದು, ಮನೆಯೊಳಗೇ ಕಟ್ಟಡದ ಮಕ್ಕಳಿಗೆ ಪಾರ್ಟಿ ಇಟ್ಟಿದ್ದರು. ಅಂಗಡಿಯ ವೇಷ ನಮ್ಮ ಕೈಗೆ ಎಟುಕುವಂಥದ್ದಲ್ಲ. "ದೆವ್ವಕ್ಕ ರೊಕ್ಕ ಯಾಕ ಬೇಕು? ಚಾದರ ಹೊದ್ಕೊ, ಆತು" ಎಂದ ಅವ್ವ ಹಳೆಯ ಚಾದರಕ್ಕೆ ಎರಡು ತೂತು ಮಾಡಿಕೊಟ್ಟಳು. ಚಾದರದ ತುಂಬ ಗುಲಾಬಿ ಹೂವು. ನಾನು ಬಾಗಿಲಲ್ಲಿ ನಿಂತು, ಗಂಟಲು ಹರಿಯುವಂತೆ "ಊಊ" ಅಂದೆ. ವರ್ಷಾ ಒಂದು ಕ್ಷಣ ನೋಡಿದಳು.

"ಗೋಸ್ಟ್ ಅಲ್ಲ ಕಣ್ರೋ, ಸೋಫಾ ಬಂದಿದೆ ಸೋಫಾ! ಬನ್ನಿ, ಕೂತ್ಕೊಳ್ಳಿ!"

ಇಬ್ಬರು ನಿಜವಾಗಿಯೂ ಬಂದು ಕೂತರು. ಮುಂದೆ ವರ್ಷವಿಡೀ ಬಸ್ಸಿನಲ್ಲಿ ನನಗೆ ಶಿಲ್ಪಾ ಎಂಬ ಹೆಸರೇ ಇರಲಿಲ್ಲ. "ಸೋಫಾ, ಸರ್ಕೊ." "ಸೋಫಾ, ಹೋಮ್‌ವರ್ಕ್ ಕೊಡು." ಕೊನೆಗೆ ಮಲಯಾಳಿ ಡ್ರೈವರಂಕಲ್ ಕೂಡ, ಪಾಪ, ಅದೇ ನನ್ನ ಹೆಸರೆಂದು ನಂಬಿ ಪ್ರೀತಿಯಿಂದ "ಸೋಫಾ ಮೋಳೇ, ಇಳಿ" ಎನ್ನತೊಡಗಿದರು.

ಮರುವರ್ಷ ಅವಳು ಎಲ್ಲರೆದುರು ಕಿರುಚಬೇಕು. ಕಿರುಚಿ ಅಳಬೇಕು. ಮೂಗು ಸುರಿಸುತ್ತ ಅಮ್ಮನ ಹಿಂದೆ ಅಡಗಬೇಕು. ಆಗಲೇ ಆ ಹೆಸರು ಅಳಿಯುವುದು. ಇದನ್ನು ಅವ್ವನಿಗೆ ಹೇಳಿದಾಗ ಬೈಗುಳ ಬೀಳುತ್ತದೆಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆಕಿ ಅವ್ವ ನನಗ ಲಿಫ್ಟಿನ್ಯಾಗ ಏನಂದಾಳ ಗೊತ್ತೇನು? 'ಮುಂದಿನ ಸರ್ತಿ ಹೇಳಿ, ನಮ್ಮ ಹಳೇದೇನಾದ್ರೂ ಕೊಡ್ತೀನಿ' ಅಂದ್ಳು. ಹಳೇದು! ನಮಗ! ಬಿಡಬ್ಯಾಡ ಅವ್ರನ್ನ."

ಅಲ್ಲಿಗೆ ಸೇಡು ಮನೆತನದ್ದಾಯಿತು.

ಶುಕ್ರವಾರದ ಸಂತೆಗೆ ಹೋದೆವು. ಪ್ಲಾಸ್ಟಿಕ್ ತಲೆಬುರುಡೆಯ ಬೆಲೆ ಕೇಳಿ ಅವ್ವ, "ಇಷ್ಟಕ್ಕ ಜೀವಂತ ಮನಷ್ಯಾನ ಸಿಗತಾನ" ಎಂದು ನನ್ನನ್ನು ಎಳೆದುಕೊಂಡು ನಡೆದಳು. ನೆಲ ಒರೆಸುವ ಮಾಪಿನ ಬಿಳಿ ದಾರದ ಗೊಂಚಲೊಂದು ಅಗ್ಗಕ್ಕೆ ಸಿಕ್ಕಿತು. ಅದೇ ಕೂದಲು. ಅಪ್ಪನ ಹಳೆಯ ಬಿಳಿ ಪಂಚೆಯೇ ಉಡುಪು. ಕಿತ್ತಳೆ ಬಣ್ಣದ ವಿದೇಶಿ ಕುಂಬಳಕಾಯಿಯ ಬೆಲೆಗೆ ವಾರದ ಕಾಯಿಪಲ್ಯ ಬರುತ್ತಿದ್ದುದರಿಂದ, ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಬೂದಗುಂಬಳ ತಂದೆವು. ಉಳಿದದ್ದಕ್ಕೆ ಅವ್ವ ಕಾಸು ಬಿಚ್ಚಲಿಲ್ಲ. ನೇರ ದೇವರ ಜಗಲಿಗೆ ಕೈ ಹಾಕಿದಳು. ಮುಖಕ್ಕೆ ಬಳಿಯಲು ವಿಭೂತಿ. ರಕ್ತಕ್ಕೆ ಅರಿಷಿಣ ನೀರಿಗೆ ಚಿಟಿಕೆ ಸುಣ್ಣ. ಕಲಸುತ್ತಲೇ ಕೆಂಪಗೆ ತಿರುಗಿತು, ನನಗೇ ಮೈ ಜುಮ್ಮೆಂದಿತು.

ಕುಂಬಳದ ತಲೆ ಕೊಯ್ದು, ತಿರುಳು ತೆಗೆದು, ಒಳಗೆ ರಕ್ತ ತುಂಬಿ, ಕತ್ತಲಲ್ಲಿ ವರ್ಷಾ ಬಸ್ಸಿನಲ್ಲಿ ಕೊಚ್ಚಿಕೊಂಡಿದ್ದ ಹೊಸ ಬಿಳಿ ಗೌನಿನ ಮೇಲೆ ಸುರಿಯುವುದು ನಮ್ಮ ಯೋಜನೆ. ಆದರೆ ಅವ್ವ ಚಾಕು ಹಿಡಿದವಳೇ ನಿಂತುಬಿಟ್ಟಳು. ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಚಾಕು ಹಾಕಬಾರದಂತೆ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಅಪ್ಪನನ್ನು ಎಬ್ಬಿಸಿದಳು.

"ಏನ್ರೀ, ಸ್ವಲ್ಪ ಎದ್ದು ಇದಕ್ಕ ಚಾಕು ಮುಟ್ಟಸರಿ."

ಅಪ್ಪ ಅರೆಗಣ್ಣಲ್ಲಿ ನೋಡಿ, "ಮಂದೀ ಮಗಳನ್ನ ಹೆದರಸಾಕೂ ನಿನಗ ಶಾಸ್ತ್ರ ಬೇಕೇನ?" ಎಂದು ಒಂದೇಟು ಹಾಕಿ ಮತ್ತೆ ಮಲಗಿದರು.

ಕುಂಬಳಕ್ಕೆ ಕಣ್ಣು ಕೊರೆದರೆ ರಕ್ತ ಸೋರುತ್ತದೆಂದು ಕಾಡಿಗೆಯಿಂದ ಕಣ್ಣು ಬರೆದೆ, ಕುಂಕುಮದಿಂದ ಬಾಯಿ. ಕೊರಳಿಗೆ ಏನಾದರೂ ಭಯಂಕರವಾದದ್ದು ಬೇಕಿತ್ತು. ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಸರ ಬಿಚ್ಚಿ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡರೆ, ಆಹಾ, ಜಗತ್ತಿನಲ್ಲಿ ನನ್ನಂಥ ದೆವ್ವವಿಲ್ಲ! ನಾವು ದೆವ್ವ ಓಡಿಸುವ ಸಾಮಾನಿನಿಂದಲೇ ದೆವ್ವ ಮಾಡಿದ್ದೇವೆಂದು ಅವ್ವನಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ತಲೆಯೇ ಇರಲಿಲ್ಲ.

ಸಂಜೆ ತಟ್ಟೆಯಲ್ಲಿ ಕುಂಬಳ ಹೊತ್ತು ಐದನೇ ಮಹಡಿಯ ಪಾರ್ಟಿಗೆ ಹೋದೆ. ಒಳಗೆ ದೀಪ ಆರಿಸಿ ಮಕ್ಕಳು ಗುಸುಗುಸು ಅನ್ನುತ್ತಿದ್ದರು. ಕತ್ತಲಲ್ಲೂ ವರ್ಷಾಳ ಬಿಳಿ ಗೌನು ಕಾಣುತ್ತಿತ್ತು. ನಾನು ಅದರತ್ತ ಒಂದೊಂದೇ ಹೆಜ್ಜೆ ಇಟ್ಟೆ. ಕುಂಬಳದ ಮುಚ್ಚಳ ತೆಗೆದೆ. ಇನ್ನೇನು ಸುರಿಯಬೇಕು, ಟಪ್ಪೆಂದು ಲೈಟು ಹತ್ತಿತು.

ಸ್ವಿಚ್ಚಿನ ಬಳಿ ನಿಂತದ್ದು ವರ್ಷಾಳ ಅಜ್ಜಿ. ಮೈಸೂರಿನಿಂದ ವಿಸಿಟ್ ವೀಸಾದ ಮೇಲೆ ಆಗಷ್ಟೇ ಬಂದಿದ್ದವರು. ನನ್ನ ಮುಖದ ವಿಭೂತಿ, ಕೊರಳ ನಿಂಬೆಹಣ್ಣು, ಕೈಯ ಕುಂಬಳ, ಒಳಗಿನ ಓಕುಳಿ, ಎಲ್ಲವನ್ನೂ ನೋಡಿದರು. ಅವರ ಮುಖ ಅರಳಿತು.

"ಅಯ್ಯೋ ನನ್ನ ಬಂಗಾರ! ಯಾರಮ್ಮ ನೀನು? ಮಗುಗೆ ವಾರದಿಂದ ಜ್ವರ ಬಿಟ್ಟುಬಿಟ್ಟು ಬರ್ತಿತ್ತು. ಈ ದೇಶದಲ್ಲಿ ದೃಷ್ಟಿ ತೆಗೆಯೋರು ಎಲ್ಲಿ ಸಿಗ್ತಾರೆ ಅಂತ ಕೊರಗ್ತಿದ್ದೆ. ನೀನೇ ಎಲ್ಲಾ ತಂದಿದೀಯಲ್ಲ!"

"ಅಜ್ಜೀ, ನಾನು ದೆವ್ವ ರೀ," ಎಂದೆ.

"ಬಿಡ್ತು ಅನ್ನು. ಎಷ್ಟು ಲಕ್ಷಣವಾಗಿದೀಯ, ದೆವ್ವವಂತೆ! ವರ್ಷಾ, ಬಾ ಇಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೂತ್ಕೊ."

ವರ್ಷಾ ಮಹಾರಾಣಿಯ ಹಾಗೆ ಕುರ್ಚಿಯಲ್ಲಿ ಕೂತಳು. ಅಜ್ಜಿ ನನ್ನ ಮೊಣಕೈ ಹಿಡಿದು ತಿರುಗಿಸಿದರು. ನಾನು ನನ್ನ ವೈರಿಗೆ ಕುಂಬಳಕಾಯಿ ನಿವಾಳಿಸಿದೆ. "ಬಾಯಲ್ಲಿ ಹೇಳಮ್ಮ!" ಹೇಳಿದೆ: ತಾಯಿ ಕಣ್ಣು, ನಾಯಿ ಕಣ್ಣು, ಹಾದಿ ಬೀದಿ ಮಂದಿ ಕಣ್ಣು. ಅವಳ ಮೇಲೆ ಬಿದ್ದಿದ್ದ ಅತ್ಯಂತ ಕೆಟ್ಟ ಕಣ್ಣು ಯಾರದೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನೂ ನನ್ನ ಕೈಯಿಂದಲೇ ತೆಗೆಸಿದರು. ಆಮೇಲೆ ಗೌನಿನ ಮೇಲೆ ಸುರಿಯಬೇಕಿದ್ದ ರಕ್ತದಿಂದ ಅವಳ ಹಣೆಗೊಂದು ಬೊಟ್ಟು ಇಡಿಸಿದರು.

ಆಮೇಲೆ ಸಾಲು! ಗೋವಾದ ಮಾಂತ್ರಿಕ, ಪಂಜಾಬಿನ ಅಸ್ಥಿಪಂಜರ, ಕೇರಳದ ಬಾವಲಿ, ಎಲ್ಲರೂ "ಗ್ರ್ಯಾನಿ ಮೀ ಟೂ" ಎಂದು ಕುಳಿತರು. ಹಾಲೊವೀನಿನ ದಿನ ಕಟ್ಟಡದ ಅಷ್ಟೂ ಭೂತಗಳಿಗೆ ದೃಷ್ಟಿ ತೆಗೆದ ಏಕೈಕ ದೆವ್ವ ನಾನೇ ಇರಬೇಕು.

"ಥ್ಯಾಂಕ್ಸ್ ಪೂಜಾರೀ," ಎಂದಳು ವರ್ಷಾ, ಕಾಲಮೇಲೆ ಕಾಲು ಹಾಕಿ.

ಎಲ್ಲರೂ ನಕ್ಕರು. ಸೋಫಾ ಹೋಯಿತು, ಪೂಜಾರಿ ಬಂತು.

ಕುಂಬಳ ಹೊರಗೆ ಒಡೆಯಲೇಬೇಕೆಂದು ಅಜ್ಜಿಯ ಹಟ. ನಾನೊಬ್ಬಳೇ ಗೇಟಿಗೆ ಹೋಗಿ ಸಿಟ್ಟಿನಿಂದ ಎತ್ತಿ ಹಾಕಿದೆ. ಓಕುಳಿಯೆಲ್ಲ ನನ್ನ ಮೇಲೇ ಸಿಡಿಯಿತು. ಸದ್ದಿಗೆ ಬಂದ ಕಟ್ಟಡದ ಕಾವಲುಗಾರ, ಈಜಿಪ್ಟಿನ ದೈತ್ಯ ದೇಹದ ಮನುಷ್ಯ, ನನ್ನನ್ನು ನೋಡಿ "ಯಾ ರಬ್!" ಎಂದು ದೇವರನ್ನು ಕರೆದು ಕಿರುಚಿ, ಒಂದು ಚಪ್ಪಲಿ ಬಿಟ್ಟು ಓಡಿದ. ನಾನು ಕಾದಿದ್ದ ಕಿರುಚಾಟ ಅದೇ. ಎಷ್ಟು ಅದ್ಭುತವಾಗಿತ್ತು! ಆದರೆ ತಪ್ಪು ಗಂಟಲಿನಿಂದ ಬಂದಿತ್ತು, ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಬಾಗಿಲಲ್ಲಿ ಅವ್ವ ಕಾಯುತ್ತಿದ್ದಳು. "ಕಿರುಚಿದ್ಳೇನ?"

"ಆಕಿಗೆ ಜ್ವರ ಅಂತ, ದೃಷ್ಟಿ ತಗದು ಬಂದೆ."

ಅವ್ವ ನನ್ನ ಕೊರಳಿನ ಸರ ಬಿಚ್ಚಿ ಮತ್ತೆ ಬಾಗಿಲಿಗೆ ಕಟ್ಟಿದಳು. ಆಮೇಲೆ, "ಜ್ವರ ಬಿಡ್ತಂದ್ರ ನಿನ್ನ ಬಿಡೂದಿಲ್ಲ ನೋಡು," ಎಂದಳು.

ಜ್ವರ ಬಿಟ್ಟಿತು. ಮತ್ತೆ ಬರಲೂ ಇಲ್ಲ.

ಮುಂದಿನ ಹಾಲೊವೀನಿಗೆ ನಾನೂ ಅವ್ವನೂ ಚಳಿಗಾಲದಿಂದಲೇ ಸಂಚು ಹೂಡತೊಡಗಿದೆವು. ಈ ಸಲ ಜಗಲಿ ಮುಟ್ಟುವುದಿಲ್ಲವೆಂದು ಅವ್ವ ಆಣೆಯನ್ನೂ ಹಾಕಿದಳು. ಆದರೆ ಜೂನಿನಲ್ಲಿ ವರ್ಷಾಳ ಅಪ್ಪನ ಕಾಂಟ್ರಾಕ್ಟು ಖಲಾಸ್. ಗಲ್ಫಿನಲ್ಲಿ ಜನ ಹೀಗೇ ಹೋಗುತ್ತಾರೆ. ನಿನ್ನೆ ಮೆಟ್ಟಿಲಲ್ಲಿ ಜಗಳ, ಇವತ್ತು ಬಾಗಿಲಿಗೆ ಬೀಗ. ಹೊರಡುವ ದಿನ ಅವಳಮ್ಮ ಒಂದು ರಟ್ಟಿನ ಡಬ್ಬಿ ತಂದುಕೊಟ್ಟರು. ಅದರಲ್ಲಿ ನಾವು ಸಂತೆಯಲ್ಲಿ ಬೆಲೆ ಕೇಳಿ ಓಡಿಬಂದಿದ್ದೆಲ್ಲ ಇತ್ತು: ಬುರುಡೆ, ಬಾವಲಿ, ಜೇಡರಬಲೆ, ಹೊಳೆಯುವ ಹಲ್ಲು. ಅಕ್ಟೋಬರಿನಲ್ಲಿ ಅವನ್ನೆಲ್ಲ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೆ. ಐದನೇ ಮಹಡಿಗೆ ಬಂದಿದ್ದ ಹೊಸ ದಂಪತಿಗೆ ಮಕ್ಕಳಿರಲಿಲ್ಲ. ಅವ್ವ ಬಂದು ಪಕ್ಕದಲ್ಲಿ ಕೂತು, "ಛೇ, ಯಾರನ್ನ ಹೆದರಸೂದು ಇನ್ನ?" ಎಂದಳು.

ಈಗ ಇಂಥ ವೇಷಗಳು ಫೋನು ಒತ್ತಿದರೆ ಮನೆಗೇ ಬರುತ್ತವೆ, ನಮ್ಮವ್ವನೂ ಬೈಯದ ಬೆಲೆಗೆ. ಸಿಟ್ಟು ತರಿಸಿದವರನ್ನು ಅದೇ ಫೋನಿನಲ್ಲಿ ಬ್ಲಾಕ್ ಮಾಡಿ ಮರೆತುಬಿಡುತ್ತೇನೆ. ಒಂದು ಇಡೀ ವರ್ಷ ಕೂತು, ಅವ್ವನನ್ನೂ ಸೇರಿಸಿಕೊಂಡು, ಅಷ್ಟು ಮನಸಾರೆ ದ್ವೇಷಿಸುವ ಯೋಗ್ಯತೆಯ ಒಬ್ಬರೂ ಆಮೇಲೆ ನನಗೆ ಸಿಗಲಿಲ್ಲ. ವರ್ಷಾ ಎಲ್ಲಿದ್ದಾಳೋ ಗೊತ್ತಿಲ್ಲ. ಎಲ್ಲಿದ್ದರೂ ಆರೋಗ್ಯವಾಗಿರಲಿ, ಅವಳು ಕಿರುಚುವುದು ಇನ್ನೂ ಬಾಕಿ ಇದೆ.