ಮೂಲೆಯಲ್ಲಿದ್ದ ಡಬ್ಬಿ

…ಅಥವಾ ಅದು ಬಬಲೇಶ್ವರವೇ? ಇಲ್ಲ, ಅಕ್ಕನ ಗಂಡನ ಮನೆ ತಿಕೋಟಾದಲ್ಲಿತ್ತು. ಹಾಗಾದರೆ ಆ ಚುನಾವಣೆಯಲ್ಲಿ ನಾನು ಪಕ್ಷದ ಏಜೆಂಟನಾಗಿ ಕೂತ ಶಾಲೆಯೂ ತಿಕೋಟಾದ್ದೇ ಇರಬೇಕು. ಆದರೂ ಕಣ್ಣು ಮುಚ್ಚಿದರೆ ಬಬಲೇಶ್ವರದ ಬೇವಿನ ಗಿಡವೇ ಆ ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ನಿಲ್ಲಲಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಡಬ್ಬಿ. ಪರದೆಯ ಹಿಂದೆ ಹೋಗಿ, ಚಿಹ್ನೆ ನೋಡಿ, ಬೇಕಾದ ಡಬ್ಬಿಯಲ್ಲಿ ಚೀಟಿ ಹಾಕಿ ಬರಬೇಕು. ಊರಿಗೆ ಊರೇ ಆಳುವ ಪಕ್ಷದ್ದು. ನಮ್ಮ ಪಕ್ಷಕ್ಕೆ ವಿಜಾಪುರದ ಗೋಳಗುಮ್ಮಟದ ಹತ್ತಿರ, ಸೈಕಲ್ ಅಂಗಡಿಯ ಮೇಲೊಂದು ಖೋಲಿ ಇತ್ತು, ತಿಕೋಟಾದಲ್ಲಿ ನಾನಿದ್ದೆ.

"ಏನಪಾ, ಇವತ್ತ ಇಡೀ ಪಾರ್ಟಿನ ಬಂದು ಕುಂತೈತಲ್ಲ!" ಎಂದ ಆಳುವ ಪಕ್ಷದ ಏಜೆಂಟ, ನನ್ನೊಬ್ಬನನ್ನೇ ನೋಡಿ. ಎಲ್ಲರೂ ನಕ್ಕರು. ಮಧ್ಯಾಹ್ನ ತನ್ನ ಮನೆಯ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ನನಗೂ ಪಾಲು ಕೊಟ್ಟ. "ಉಣ್ಣಲೇ, ನೀ ಏನ್ ನಮಗ ವೈರಿ ಏನ?" ಬೈದಿದ್ದರೆ ಚೆನ್ನಾಗಿತ್ತು.

ಗೆಲ್ಲುತ್ತೇವೆಂದು ನಾನು ಕೂತಿರಲಿಲ್ಲ. ಅಕ್ಕನೊಬ್ಬಳು ನನ್ನ ಕಡೆ ಇದ್ದರೆ ಸಾಕಿತ್ತು. ಅವಳ ಗಂಡ, ನಮ್ಮ ಮಾವ, ಆಳುವ ಪಕ್ಷದವರು.

ಇಳಿಹೊತ್ತಿಗೆ ಅಕ್ಕ ಬಂದಳು, ಸೆರಗಿನ ತುದಿಯಲ್ಲಿ ಕುಂಕುಮ ಕಟ್ಟಿಕೊಂಡು. ಆ ಊರ ಹೆಂಗಸರು ಡಬ್ಬಿಗೆ ಕುಂಕುಮ ಹಚ್ಚಿ, ಕೈಮುಗಿದೇ ಚೀಟಿ ಹಾಕುತ್ತಿದ್ದರು. ಬೇಡವೆಂದು ಹೇಳಿ ಹೇಳಿ ಅಧಿಕಾರಿ ಸುಮ್ಮನಾಗಿದ್ದ. ಪರದೆಯ ಹಿಂದೆ ಅವಳು ಬಹಳ ಹೊತ್ತು ನಿಂತಳು. ಹೊರಬಂದಾಗ ನನ್ನತ್ತ ನೋಡಲಿಲ್ಲ. ಅಥವಾ ನೋಡಿದಳು, ನಾನೇ ತಲೆ ತಗ್ಗಿಸಿದ್ದೆ.

ಸಂಜೆ ಅವಳ ಪಡಸಾಲೆಯಲ್ಲಿ ಕೂತು ಕೇಳಿದೆ. "ಯಕ್ಕಾ, ಯಾವ ಡಬ್ಬಿಗೆ ಹಚ್ಚಿದಿ ಕುಂಕುಮ?"

"ಎಲ್ಲಾದಕ್ಕೂ ಹಚ್ಚೇನಿ. ನಿಂದು ಪಾಪ, ಮೂಲ್ಯಾಗ ಬೋಳಬೋಳ ಕುಂತಿತ್ತು. ಅದೊಂದನ್ನ ಬಿಟ್ಟು ಬರಾಕ ಬರತೈತೇನ?"

"ಮತ್ತ ಚೀಟಿ?"

ಒಳಗೆ ಮಾವ ಕೆಮ್ಮಿದರು. "ಚಾ ಆರತೈತಿ, ಕುಡಿ ತಮ್ಮಾ" ಎಂದಳು.

ವಿಜಾಪುರದಲ್ಲಿ ಎಣಿಕೆಯಾದಾಗ ತಿಕೋಟಾದ ನಮ್ಮ ಡಬ್ಬಿಯಿಂದ ಉದುರಿದ್ದು ಒಂದು ಬೊಗಸೆಯಷ್ಟೂ ಇಲ್ಲ. ಅದರಲ್ಲೊಂದು ಚೀಟಿಯ ಮೇಲೆ ಕೆಂಪು ಬೆರಳಿನ ಗುರುತಿತ್ತು. ಅಕ್ಕನದೇ ಎಂದುಕೊಂಡೆ. ಆಮೇಲೆ ಪಕ್ಕದ ಮೇಜಿನತ್ತ ನೋಡಿದೆ: ಆಳುವ ಪಕ್ಷದ ರಾಶಿಯಲ್ಲಿ ಅಂಥ ಕೆಂಪು ಚೀಟಿಗಳು ಬೇಕಾದಷ್ಟಿದ್ದವು.

ಮುಂದಿನ ಚುನಾವಣೆಗೆ ಎಲ್ಲರಿಗೂ ಒಂದೇ ಡಬ್ಬಿಯಾಯಿತು, ಮುದ್ರೆ ಒತ್ತುವುದು ಬಂತು. ಅರವತ್ತರ ದಶಕದ ನಡುವೆ ಅಕ್ಕ ತೀರಿಕೊಂಡಳು. ಅಷ್ಟರಲ್ಲಿ ಮತ್ತೊಮ್ಮೆ ಕೇಳಿದ್ದೆನೋ ಇಲ್ಲವೋ, ನೆನಪಿಲ್ಲ. ಆ ಬೆರಳು ಅವಳದ್ದೇ ಆಗಿತ್ತೇ ಎಂಬುದು ನನಗೆ ಗೊತ್ತಿಲ್ಲ.