ಬಾನೆಟ್ಟಿನ ಮೇಲೆ ಎಡಗೈ ಗೆರೆ

ಸತ್ತವರ ನೆನಪು ವಸ್ತುಗಳಿಗೆ ಅಂಟಿಕೊಂಡಿರುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಅರಸೀಕೆರೆಯಲ್ಲಿ ಹಳೇ ಕಾರುಗಳ ಬಣ್ಣಕ್ಕೆ ಹೊಳಪು ತರುವುದು ನನ್ನ ಕಸುಬು. ಕಾರಿಗೆ ಅಂಟಿಕೊಳ್ಳುವುದು ಧೂಳು, ಡಾಂಬರು, ಹಕ್ಕಿ ಹಿಕ್ಕೆ. ಎಲ್ಲಕ್ಕೂ ನನ್ನಲ್ಲಿ ಔಷಧಿ ಇದೆ ಎಂದು ಜಂಬ ಕೊಚ್ಚುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೂ ನನಗೇನೂ ಬೇಜಾರಿಲ್ಲ.

ನಾಲ್ಕು ವರ್ಷದ ಹಿಂದೆ ಜಾವಗಲ್ಲಿನ ಪಾರ್ವತಮ್ಮ ಎಂಬುವರು ಒಬ್ಬ ಡ್ರೈವರನ ಜೊತೆ ಒಂದು ಕಡುನೀಲಿ ಕಾರು ತಂದುಬಿಟ್ಟರು. ಅವರ ಗಂಡ ಕೊಬ್ಬರಿ ವ್ಯಾಪಾರಿ, ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಕಾರು ತೆಂಗಿನಕಾಯಿ ಶೆಡ್ಡಿನಲ್ಲೇ ನಿಂತಿತ್ತು. ಇಂಜಿನ್ ಸರಿ ಮಾಡಿಸಿದ್ದರು, ಆದರೆ ಬಣ್ಣ ಮಂಕಾಗಿ, ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿಯಾಗಿತ್ತು.

"ನಮ್ಮೆಜಮಾನ್ರು ಬದುಕಿರೋಗಂಟ ಸ್ಟೇರಿಂಗ್ ಮುಟ್ಟಕ್ಕೆ ಬಿಡ್ಲಿಲ್ಲ ಕಣಪ್ಪಾ. ಈಗ ಲೈಸೆನ್ಸ್ ತಗೊಂಡಿದೀನಿ. ಕೂತ್ರೆ ಅವರ ಗಾಡೀಲಿ ಕದ್ದು ಕೂತಂಗಾಗಿ ಕೈ ನಡುಗ್ತದೆ. ಒಂದು ಹಳೇ ಗುರುತೂ ಉಳೀಬಾರ್ದು, ನಂದು ಅನ್ನಿಸ್ಬೇಕು" ಎಂದರು. ಐವತ್ತು ದಾಟಿದ ಆಕೆಯ ಹಟ ನನಗೆ ಇಷ್ಟವಾಯಿತು.

ಎರಡು ದಿನ ತೊಳೆದು, ಉಜ್ಜಿ, ಬಾಗಿಲುಗಳನ್ನೆಲ್ಲ ಮುಗಿಸಿದೆ. ಮೂರನೇ ದಿನ ಬೆಳಿಗ್ಗೆ ಬಾನೆಟ್ಟಿಗೆ ಮೆಷಿನ್ ಹಿಡಿದೆ. ಪಾಲಿಶ್ಶಿನ ಎಣ್ಣೆ ಗೀರುಗಳನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಕೊನೆಗೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಒರೆಸಿದೆ. ನಡುವೆ ಗೇಣುದ್ದದ ಮೂರು ಮಾಸಲು ಗೆರೆ ಎದ್ದವು. ವಿಭೂತಿ ಗೆರೆ! ಆಯುಧಪೂಜೆಯಲ್ಲಿ ಹಚ್ಚಿದ ವಿಭೂತಿಯನ್ನು ತೊಳೆಯದೆ ಬಿಟ್ಟರೆ ಅದು ಬಣ್ಣವನ್ನು ತಿನ್ನುವುದುಂಟು. ಇನ್ನೊಂದು ಸುತ್ತು ಉಜ್ಜಿದೆ, ಮಾಯವಾದವು. ಒರೆಸಿದೆ, ಮತ್ತೆ ಬಂದವು. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರೆ, ಇನ್ನೊಂದೇ ಸುತ್ತು ಉಜ್ಜುವಷ್ಟು ಬಣ್ಣ ಉಳಿದಿತ್ತು. ಅದಕ್ಕೂ ಮೀರಿದರೆ ಬಣ್ಣವೇ ಕಿತ್ತು ಹೋಗುತ್ತದೆ. ಪಾರ್ವತಮ್ಮನಿಗೆ ಫೋನ್ ಮಾಡಿದೆ.

ಮಧ್ಯಾಹ್ನದ ಬಸ್ಸಿಗೆ ಬಂದರು. ಗೆರೆ ನೋಡಿ ಸ್ಟೂಲು ಎಳೆದುಕೊಂಡು ಕೂತರು.

"ಬಲಗಡೆ ದಪ್ಪ, ಎಡಕ್ಕೆ ಬರ್ತಾ ಸಣ್ಣ ಆಗೈತೆ ನೋಡು. ಬಲದಿಂದ ಎಡಕ್ಕೆ ಎಳೆದಿರೋದು, ನಮ್ಮೆಜಮಾನ್ರ ಎಡಗೈದು. ವಿಭೂತಿನ ಎಡಗೈಲಿ ಹಚ್ಬೇಡಿ ಅಂತ ವರ್ಷವರ್ಷಾನೂ ಜಗಳ ಆಡ್ತಿದ್ದೆ. ಕೇಳ್ತಿದ್ರಾ?"

"ಹಳೇ ಕಲೆ ಬಿಡಿ ಅಕ್ಕ" ಎಂದೆ.

"ಯಾವ ಹಳೇದು? ಅವರು ಹೋದ್ಮೇಲೆ ಶೆಡ್ಡಿನ ತೊಲೆ ಬಿದ್ದು ಬಾನೆಟ್ ಜಜ್ಜೋಯ್ತು. ಇದು ಆಮೇಲೆ ಹಾಕ್ಸಿದ್ ಹೊಸ್ದು. ಇದಕ್ಕೆ ಪೂಜೆನೇ ಮಾಡಿಲ್ಲ."

ಬಟ್ಟೆ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಕುತೂಹಲ ಬಿಡಬೇಕಲ್ಲ! ಲೈಟ್ ಹಿಡಿದು ಬಗ್ಗಿ ನೋಡಿದೆ, ಮೂಸಿದೆ, ಉಗುರಿನಲ್ಲಿ ಕೆರೆದೆ. ಮನೆಯಲ್ಲಿ ಬೇರೆ ಯಾರಾದರೂ ಎಡಚರಿದ್ದಾರಾ ಎಂದು ಕೇಳಿದೆ. ಒಬ್ಬರೂ ಇರಲಿಲ್ಲ.

"ಇನ್ನೊಂದ್ಸಲ ಉಜ್ಜು" ಎಂದರು. ಕೊನೆಯ ಸುತ್ತು ಮುಗಿಸಿದೆ. ಸ್ಪಿರಿಟ್ ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಅವರೇ ಅದನ್ನು ಕಿತ್ತುಕೊಂಡರು. ನನ್ನ ಕಡೆ ನೋಡಲೇ ಇಲ್ಲ.

"ರೀ, ಸಾಕು. ಇಪ್ಪತ್ತು ವರ್ಷ ನಿಮ್ಮ ಪಕ್ಕ ಸುಮ್ನೆ ಕೂತು ಬಂದಿಲ್ವಾ ನಾನು? ಈಗ ನೀವು ನನ್ನ ಪಕ್ಕ ಕೂತ್ಕಳಿ" ಎಂದು ಬಾನೆಟ್ಟಿಗೆ ಹೇಳಿ ಗಟ್ಟಿಯಾಗಿ ಒರೆಸಿದರು. ಅವರ ಕಣ್ಣು ತುಂಬಿತ್ತು. ಗೆರೆ ಬರಲಿಲ್ಲ. ಅವರು ಎರಡು ಸಲ, ನಾನು ನಾಲ್ಕು ಸಲ ಒರೆಸಿದೆವು. ಬರಲೇ ಇಲ್ಲ.

ಕೊನೆಯ ಸುತ್ತಿನಲ್ಲಿ ಕಲೆ ನಿಜವಾಗಿಯೇ ಹೋಗಿರಬಹುದು. ಯಾವುದೋ ಹಳೇ ಬಾನೆಟ್ಟನ್ನು ಹೊಸದೆಂದು ಯಾರೋ ಹಾಕಿರಬಹುದು. ಆದರೆ ಅದಕ್ಕೂ ಇನ್ನೊಬ್ಬ ಎಡಚನೇ ಬೇಕಲ್ಲ! ಎಷ್ಟು ಯೋಚಿಸಿದರೂ ಲೆಕ್ಕ ಕೂಡುವುದಿಲ್ಲ.

ಸಂಜೆ ಬೆಳಕಿರುವಾಗಲೇ ಪಾರ್ವತಮ್ಮ ಕಾರು ಹತ್ತಿದರು. ಸ್ಟೇರಿಂಗ್ ಹಿಡಿದ ಕೈ ನಡುಗುತ್ತಿರಲಿಲ್ಲ. "ನಿಧಾನಕ್ಕೆ ಹೋಗಿ ಅಕ್ಕ" ಎಂದೆ.

"ಹೇಳಕ್ಕೆ ಪಕ್ಕದಲ್ಲಿ ಒಬ್ರು ಕೂತವ್ರಲ್ಲ, ನಿಂದೇನು ಮಧ್ಯದಲ್ಲಿ?" ಎಂದು ನಕ್ಕು ಗೇರ್ ಹಾಕಿದರು.

ಮೂಸಿ, ಕೆರೆದು ನೋಡಿದ್ದ ನಾನು ಆ ಪಕ್ಕದ ಸೀಟಿನ ಕಡೆ ಮಾತ್ರ ಕತ್ತು ತಿರುಗಿಸಲಿಲ್ಲ. ಯಾಕೆ ತಿರುಗಿಸಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.