ಮಸ್ಕತ್‌ನಿಂದ ಮೂರು ಗಂಟೆ

‘ಮೂರೇ ಗಂಟೆ ಸಾಕು ಅಂತ ಯಾರು ಹೇಳಿದ್ದು?’

ಮಸ್ಕತ್‌ನಲ್ಲಿ ನರ್ಸ್ ಆಗಿರುವ ಗಿರಿಜಾ ಭದ್ರಾವತಿ ನ್ಯೂ ಟೌನಿನ ತವರಿನ ಬಾಗಿಲಲ್ಲಿ, ಬ್ಯಾಗನ್ನೂ ಕೆಳಗಿಡದೆ ಕೇಳಿದಳು. ಅವಳ ತಾಯಿಯ ಮಣ್ಣು ಮುಗಿದು ಒಂದು ಗಂಟೆಯಾಗಿತ್ತು.

ಹೇಳಿದ್ದು ಪಕ್ಕದ ಮನೆಯ ನಾನು. ಬೆಳಿಗ್ಗೆ ಹಿರಿಯರು ಕೇಳಿದಾಗ ಮೊಬೈಲ್‌ನಲ್ಲಿ ಮಸ್ಕತ್‌ನಿಂದ ಬೆಂಗಳೂರಿಗೆ ಎಷ್ಟು ದೂರವೆಂದು ನೋಡಿ, ‘ವಿಮಾನದಲ್ಲಿ ಮೂರೇ ಗಂಟೆ’ ಎಂದಿದ್ದೆ. ಟಿಕೆಟ್ ಸಿಗಬೇಕು, ನಿಲ್ದಾಣದಲ್ಲಿ ಕಾಯಬೇಕು, ಬೆಂಗಳೂರಿನಿಂದ ಕಾರಿನಲ್ಲಿ ಇಲ್ಲಿಗೆ ಬರಬೇಕು ಎಂಬುದು ಹೊಳೆಯಲೇ ಇಲ್ಲ. ನನ್ನ ಮಾತು ನಂಬಿ ಅವರು ಫ್ರೀಜರ್ ಪೆಟ್ಟಿಗೆ ಬೇಡವೆಂದರು. ವಿಭೂತಿ ಹಚ್ಚಿ ಕೂರಿಸಿದ್ದ ದೇಹದ ಮುಂದೆ ಸಂಜೆಯವರೆಗೆ ಕಾದರು. ಹೊತ್ತು ಮುಳುಗುವ ಮೊದಲು ಗುಂಡಿಗೆ ಇಳಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳ ದೊಡ್ಡಪ್ಪ, ಫೋನಿನಲ್ಲಿ ನಂಬರ್ ಒತ್ತಲೂ ಬಾರದವರು, ‘ನಾನೇ ಕಣಮ್ಮ. ಬೈಯೋದಿದ್ರೆ ನನ್ನೇ ಬೈಯಿ’ ಎಂದರು.

‘ಅಲ್ಲ, ನಾನು ಹೇಳಿದ್ದು’ ಎಂದು ಆಗಲೇ ಒಪ್ಪಿಕೊಂಡೆನೆಂದು ನನ್ನ ನೆನಪು. ಪಕ್ಕದಲ್ಲಿದ್ದ ಹೆಂಡತಿ ಮಾತ್ರ, ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ ಎನ್ನುತ್ತಾಳೆ.